ಪೊಲೀಸ್ ಗುಂಡು ತಗುಲಿದ್ರೆ ಮನೆಯವ್ರು ಏನೇನು ಕೇಳಿ ಇಸ್ಕೋಬೇಕು

ನಮ್ ಕಡೆ ಈ ನ್ಯೂಸ್ ಹೆಚ್ಚುಕಮ್ಮಿ ಒಂದೇ ಥರ ಬರುತ್ತೆ: ಮಹಜರಿಗೆ ಕರ್ಕೊಂಡು ಹೋಗಿದ್ರು, ಆರೋಪಿ ಪೇದೆ ಮೇಲೆ ಹಲ್ಲೆ ಮಾಡಿ ಓಡೋಕೆ ನೋಡ್ದ, ಇನ್ಸ್‌ಪೆಕ್ಟರ್ ಗಾಳೀಲಿ ಒಂದು ಗುಂಡು ಹಾರಿಸಿ ಆಮೇಲೆ ಕಾಲಿಗೆ ಹೊಡೆದ್ರು. ನಿಜಾನೂ ಇರಬಹುದು. ಅದನ್ನ ಪರೀಕ್ಷೆ ಮಾಡೋಕೆ ಅಂತಾನೇ ಸುಪ್ರೀಂ ಕೋರ್ಟ್ 2014ರಲ್ಲಿ ಪಿಯುಸಿಎಲ್ ಅನ್ನೋ ನಾಗರಿಕ ಹಕ್ಕು ಸಂಘಟನೆಯ ಕೇಸಲ್ಲಿ 16 ಮಾರ್ಗಸೂಚಿ ಕೊಟ್ಟಿದೆ. ಅದು ಮುಖ್ಯವಾಗಿ ಎನ್‌ಕೌಂಟರ್ ಸಾವಿಗೆ, ಆದ್ರೆ ಗಂಭೀರ ಗಾಯಕ್ಕೂ ಸಾಧ್ಯವಾದಷ್ಟು ಪಾಲಿಸಿ ಅಂತ ಅದರಲ್ಲೇ ಇದೆ, ಹಾಗಾಗಿ ಕಾಲಿಗೆ ತಾನೇ ಬಿಡ್ರಿ ಅಂದ್ರೆ ಬಿಡಬೇಡಿ.

ಮೊದಲು ಆಸ್ಪತ್ರೆ ಕೆಲಸ, ಯಾಕಂದ್ರೆ ಸಾಕ್ಷಿ ಅಲ್ಲೇ ಮೊದಲು ಅಳಿಸಿಹೋಗೋದು. ಎಂಎಲ್‌ಸಿ, ಅಂದ್ರೆ ಪೊಲೀಸ್ ಕೇಸಿಗೆ ಸಂಬಂಧಪಟ್ಟ ಗಾಯ ಅಂತ ಆಸ್ಪತ್ರೇಲಿ ಮಾಡೋ ದಾಖಲೆ, ಆಗಿದ್ಯಾ ಕೇಳಿ. ಗುಂಡು ಒಳಹೊಕ್ಕ ಜಾಗ, ಹೊರಬಂದ ಜಾಗ, ಗಾಯದ ಸುತ್ತ ಕಪ್ಪಗಾಗಿದ್ಯಾ, ಸಿಡಿಮದ್ದಿನ ಚುಕ್ಕೆ ಇದ್ಯಾ (ಇವೆರಡೂ ಹತ್ತಿರದಿಂದ ಹೊಡೆದ ಗುರುತು), ಇದೆಲ್ಲ ಡಾಕ್ಟರ್ ಬರೀಬೇಕು, ಓಡ್ತಿದ್ದೋನಿಗೆ ದೂರದಿಂದ ಹೊಡೆದ್ರು ಅನ್ನೋ ಕಥೆ ನಿಲ್ಲುತ್ತೋ ಬೀಳುತ್ತೋ ಗೊತ್ತಾಗೋದು ಅಲ್ಲೇ. ತೂತಾದ ಪ್ಯಾಂಟ್ ಒಗೀಬೇಡಿ, ಮನೆಗೂ ತರಬೇಡಿ, ಸೀಲ್ ಮಾಡಿ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯ) ಕಳಿಸಿ ಅಂತ ಬರೆದು ಕೊಡಿ. ಗಾಯಾಳು ಹೇಳಿಕೆನ ಮ್ಯಾಜಿಸ್ಟ್ರೇಟ್ ಅಥವಾ ಡಾಕ್ಟರ್ ತಗೋಬೇಕು, ಮಾತಾಡೋ ಸ್ಥಿತೀಲಿದಾನೆ ಅನ್ನೋ ಸರ್ಟಿಫಿಕೇಟ್ ಸಮೇತ.

ಆಮೇಲೆ ಎಫ್‌ಐಆರ್. ಸಾಮಾನ್ಯವಾಗಿ ಕೈಗೆ ಸಿಗೋದು ಗುಂಡು ತಿಂದವನ ಮೇಲೆ ಹಾಕಿರೋ ಕೊಲೆಯತ್ನದ ಕೇಸ್! ನೀವು ಕೇಳ್ಬೇಕಾಗಿರೋದು ಫೈರಿಂಗ್ ಬಗ್ಗೆ ಯಾವ ಎಫ್‌ಐಆರ್ ಆಗಿದೆ, ತನಿಖೆ ಯಾರು ಮಾಡ್ತಿದಾರೆ ಅಂತ. ಸಿಐಡಿ ಅಥವಾ ಬೇರೆ ಸ್ಟೇಷನ್‌ನವ್ರು ಮಾಡ್ಬೇಕು, ಮೇಲುಸ್ತುವಾರಿ ಅಧಿಕಾರಿ ಗುಂಡು ಹೊಡೆದ ತಂಡದ ಮುಖ್ಯಸ್ಥನಿಗಿಂತ ಕನಿಷ್ಠ ಒಂದು ದರ್ಜೆ ಮೇಲಿರ್ಬೇಕು. ಹೊಡೆದ ಪಿಸ್ತೂಲನ್ನೂ ಬ್ಯಾಲಿಸ್ಟಿಕ್ (ಗುಂಡು-ಬಂದೂಕಿನ) ಪರೀಕ್ಷೆಗೆ ಒಪ್ಪಿಸ್ಬೇಕು, ಎಷ್ಟು ರೌಂಡ್ ಹಾರ್ತು ಅನ್ನೋದಕ್ಕೆ ಖಾಲಿ ಕಾಟ್ರಿಜ್, ಉಳಿದ ಗುಂಡು ಲೆಕ್ಕ ಕೂಡಿ ಬರ್ಬೇಕಲ್ಲ.

ಜೀವ ಹೋಗಿದ್ರೆ ಇನ್ನೂ ಇದೆ. ಮ್ಯಾಜಿಸ್ಟ್ರೇಟ್ ವಿಚಾರಣೆ, ಜಿಲ್ಲಾಸ್ಪತ್ರೇಲಿ ಇಬ್ಬರು ಡಾಕ್ಟರ್ ಮಾಡೋ ಪೋಸ್ಟ್‌ಮಾರ್ಟಮ್, ಅದರ ವಿಡಿಯೋ, ಮಾನವ ಹಕ್ಕು ಆಯೋಗಕ್ಕೆ ತಡಮಾಡದೆ ಮಾಹಿತಿ. ಶಹಬ್ಬಾಸ್‌ಗಿರಿ ಪೋಸ್ಟ್ ಎಷ್ಟೇ ಬರಲಿ, ಘಟನೆ ಆದ ತಕ್ಷಣ ಶೌರ್ಯ ಪದಕ, ಸರದಿ ಮೀರಿದ ಬಡ್ತಿ ಕೊಡಂಗಿಲ್ಲ ಅಂತಾನೂ ಕೋರ್ಟ್ ಹೇಳಿದೆ.

ಇದ್ಯಾವ್ದೂ ಆಗಿಲ್ಲಾಂದ್ರೆ ಆ ಜಾಗ ಯಾವ ಸೆಷನ್ಸ್ ಕೋರ್ಟ್ ವ್ಯಾಪ್ತಿಗೆ ಬರುತ್ತೋ ಅಲ್ಲಿನ ನ್ಯಾಯಾಧೀಶರಿಗೆ ಮನೆಯವ್ರು ದೂರು ಕೊಡ್ಬಹುದು, ವಕೀಲರಿಗೆ ದುಡ್ಡಿಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಎಲ್ಲಿ ಏನೇ ಕೊಟ್ರೂ ಸೀಲ್ ಹಾಕಿದ ಒಂದು ಪ್ರತಿ ವಾಪಸ್ ಇಸ್ಕೊಂಡೇ ಬನ್ನಿ.