ಫಾರ್ಮ್ಯಾಟ್‌ಗೆ ಮುಂಚೆ: ಬ್ಲೂ ಸ್ಕ್ರೀನ್ ಬರುವ ಕಂಪ್ಯೂಟರಿನಲ್ಲಿ ಏನೇನು ನೋಡಬೇಕು

ಕೆಲಸದ ನಡುವೆ ನೀಲಿ ಪರದೆ ಬಂದು ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆದರೆ, ರಿಪೇರಿಗೆ ಬಂದವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ‘ಫಾರ್ಮ್ಯಾಟ್ ಕರ್ ದೇತೇ ಹೈಂ’, ಅಂದರೆ ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಬಿಡೋಣ. ಕೂಡಲೇ ಒಪ್ಪಬೇಡಿ. ವಿಂಡೋಸ್‌ನ ತಿರುಳಾದ ಕರ್ನಲ್ ನಿಲ್ಲುವ ಮುಂಚೆ ಸಾಮಾನ್ಯವಾಗಿ ಕಾರಣದ ಸುಳಿವನ್ನು ಡಿಸ್ಕಿನಲ್ಲಿ ಬರೆದಿಟ್ಟಿರುತ್ತದೆ, ಫಾರ್ಮ್ಯಾಟ್ ಮಾಡಿದರೆ ಅದೇ ಅಳಿಸಿಹೋಗುತ್ತದೆ. ದೋಷ ರ‍್ಯಾಮ್‌ನಲ್ಲೋ ಎಸ್‌ಎಂಪಿಎಸ್‌ನಲ್ಲೋ (ಕಂಪ್ಯೂಟರಿನ ಭಾಗಗಳಿಗೆ ಕರೆಂಟು ಹಂಚುವ ಡಬ್ಬಿ) ಇದ್ದರೆ ಹೊಸದಾಗಿ ಹಾಕಿದ ವಿಂಡೋಸ್ ಕೂಡ ಹಾಗೇ ಬೀಳುತ್ತದೆ.

ಮೊದಲು ಪರದೆ ನಿಲ್ಲುವಂತೆ ಮಾಡಿ. ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಟ್ಯಾಬ್‌ಗೆ ಹೋಗಿ, ‘ಸ್ಟಾರ್ಟಪ್ ಅಂಡ್ ರಿಕವರಿ’ಯಲ್ಲಿ ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಗುರುತು ತೆಗೆಯಿರಿ. ಅಲ್ಲೇ ಡಂಪ್ (ಬಿದ್ದ ಕ್ಷಣದ ದಾಖಲೆಯ ಫೈಲ್) ‘ಸ್ಮಾಲ್ ಮೆಮೊರಿ ಡಂಪ್’ ಇರಲಿ. ಸಿ ಡ್ರೈವ್‌ನ ಪೇಜಿಂಗ್ ಫೈಲ್ (ಮೆಮೊರಿಗೆ ನೆರವಾಗಲು ವಿಂಡೋಸ್ ಡಿಸ್ಕಿನಲ್ಲಿ ಇಟ್ಟುಕೊಳ್ಳುವ ಜಾಗ) ಯಾರಾದರೂ ಆಫ್ ಮಾಡಿದ್ದರೆ ಆನ್ ಮಾಡಿ, ಅದಿಲ್ಲದೆ ಡಂಪ್ ಉಳಿಯುವುದು ಕಷ್ಟ. ಮುಂದಿನ ಸಲ ಪರದೆ ಬಂದಾಗ (ಹೊಸ ವಿಂಡೋಸ್ 11ರಲ್ಲಿ ಅದು ಕಪ್ಪು) ಕೆಳಗಿನ ಸ್ಟಾಪ್ ಕೋಡಿನ (ನಿಂತ ಕಾರಣ ಹೇಳುವ ಸಂಕೇತ) ಫೋಟೊ ಹೊಡೆಯಿರಿ.

ಫೋಟೊ ತಪ್ಪಿಹೋದರೆ ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್ ಇದೆ. ವಿಂಡೋಸ್ ಲಾಗ್ಸ್, ಸಿಸ್ಟಮ್, ಅದರಲ್ಲಿ ‘ಕರ್ನಲ್-ಪವರ್ 41’. ಡೀಟೇಲ್ಸ್ ಟ್ಯಾಬ್‌ನ ‘ಬಗ್‌ಚೆಕ್‌ಕೋಡ್’ (ಸ್ಟಾಪ್ ಕೋಡಿನದೇ ಸಂಖ್ಯೆ) ಎಷ್ಟಿದೆ ನೋಡಿ. ಸೊನ್ನೆ ಇದ್ದು, ನೀವೇ ಪವರ್ ಬಟನ್ ಒತ್ತಿ ಹಿಡಿದಿರಲಿಲ್ಲ ಎಂದಾದರೆ, ವಿಂಡೋಸ್‌ಗೆ ಏನನ್ನೂ ಬರೆಯಲು ಸಮಯವೇ ಸಿಕ್ಕಿಲ್ಲ. ಅನುಮಾನ ಮೊದಲು ಕರೆಂಟಿನ ಮೇಲೆ ಹೋಗಬೇಕು: ಸಡಿಲ ಪ್ಲಗ್, ದಣಿದ ಎಸ್‌ಎಂಪಿಎಸ್, ಬ್ಯಾಟರಿ ಸತ್ತ ಯುಪಿಎಸ್. ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಿ. 12 ವೋಲ್ಟ್ ತಂತಿಯಲ್ಲಿ ಲೋಡ್ ಇರುವಾಗ 11.4ರಿಂದ 12.6ರ ಒಳಗೆ ಬರಬೇಕು. ಆದರೆ ಕ್ಷಣಮಾತ್ರದ ಕುಸಿತ ಮಲ್ಟಿಮೀಟರಿಗೆ ಕಾಣುವುದಿಲ್ಲ, ಹಾಗಾಗಿ ಗೊತ್ತಿರುವ ಒಳ್ಳೆ ಎಸ್‌ಎಂಪಿಎಸ್ ಹಾಕಿ ನೋಡುವುದೇ ಖಚಿತ. ಎಸ್‌ಎಂಪಿಎಸ್‌ನ ಡಬ್ಬಿ ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಶಾಕ್ ಹೊಡೆಯಬಲ್ಲದು.

ಸೊನ್ನೆಯಲ್ಲದೆ ಬೇರೆ ಅಂಕೆ ಇದ್ದರೆ ಅದು ದಶಮಾನದಲ್ಲಿರುತ್ತದೆ. 26 ಎಂದರೆ ಮೆಮೊರಿ ಮ್ಯಾನೇಜ್‌ಮೆಂಟ್, 122 ಡಿಸ್ಕಿನಿಂದ ಓದಲಾಗಲಿಲ್ಲ, 209 ಡ್ರೈವರ್ (ಹಾರ್ಡ್‌ವೇರನ್ನು ನಡೆಸುವ ತಂತ್ರಾಂಶ), 278 ಗ್ರಾಫಿಕ್ಸ್, 292 ಹಾರ್ಡ್‌ವೇರ್ ದೋಷ. ದಿನಕ್ಕೊಂದು ಬೇರೆ ಕೋಡ್ ಬರುತ್ತಿದ್ದರೆ ರ‍್ಯಾಮ್ ಮೇಲೇ ಹೆಚ್ಚಿನ ಅನುಮಾನ.

ಮುಂಬಯಿ, ಗೋವೆಯ ಮಳೆಗಾಲದ ತೇವದಲ್ಲಿ ರ‍್ಯಾಮ್‌ನ ಕಾಂಟ್ಯಾಕ್ಟ್‌ಗಳ ಮೇಲೆ ಮಾಸಲು ಪದರ ಕೂರುವುದುಂಟು. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಉಳಿದ ಚಾರ್ಜ್ ಇಳಿಸಿ. ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹ ಮುಟ್ಟಿ, ಮೈಯಲ್ಲಿನ ಸ್ಟ್ಯಾಟಿಕ್ ಹೋಗುತ್ತದೆ. ಮೆಮೊರಿಯ ಪಟ್ಟಿಯನ್ನು (ಸ್ಟಿಕ್) ಸ್ಲಾಟಿನಿಂದ ತೆಗೆದು, ಅಂಚಿನಲ್ಲಿ ಹಿಡಿದು, ಬಂಗಾರದ ಬಣ್ಣದ ಕಾಂಟ್ಯಾಕ್ಟ್‌ಗಳನ್ನು ಮೆತ್ತನೆ ಬಿಳಿ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಒಂದೇ ದಿಕ್ಕಿನಲ್ಲಿ ಉಜ್ಜಿ. ಪುಡಿಯನ್ನು 99% ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ‘ಟಕ್’ ಅನ್ನುವವರೆಗೆ ಕೂರಿಸಿ. ಸ್ಯಾನಿಟೈಜರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡೇ ಸ್ಟಿಕ್ ಇದ್ದರೆ, ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್.

ಆಮೇಲೆ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್‌ಗಳು) ಎಕ್ಸ್‌ಎಂಪಿ ಆಫ್ ಮಾಡಿ. ಅದು ರ‍್ಯಾಮನ್ನು ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸುತ್ತದೆ (ಓವರ್‌ಕ್ಲಾಕ್), ಎಲ್ಲ ಬೋರ್ಡ್‌ಗಳೂ ತಡೆದುಕೊಳ್ಳುವುದಿಲ್ಲ. ಬಯೋಸ್ ಮುಟ್ಟುವ ಮುಂಚೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕೆಯ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಸ್ವಂತ ಡೇಟಾದ ಮುಂದೆಯೇ ಬಾಗಿಲು ಮುಚ್ಚಿಕೊಂಡೀತು. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿ ಬೂಟ್ ಮಾಡಿ, ನಾಲ್ಕೂ ಪಾಸ್ (ಸುತ್ತು) ಮುಗಿಯಲಿ. ರಾತ್ರಿ ಹಚ್ಚಿಟ್ಟು ಮಲಗುವುದು ಲೇಸು. ಎಕ್ಸ್‌ಎಂಪಿ ಇಲ್ಲದೆಯೂ ಒಂದೇ ಒಂದು ಎರರ್ ಬಂದರೆ ಸಾಕು, ಅದು ಫೇಲ್. ಒಂದೊಂದೇ ಸ್ಟಿಕ್ಕನ್ನು ಒಂದೇ ಸ್ಲಾಟಿನಲ್ಲಿಟ್ಟು ಪರೀಕ್ಷಿಸಿದರೆ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ. ಎಲ್ಲವೂ ಒಂದೇ ಸ್ಲಾಟಿನಲ್ಲಿ ಸೋತರೆ ಸ್ಲಾಟ್ ಬದಲಿಸಿ ನೋಡಿ.

ರ‍್ಯಾಮ್ ಪಾಸಾದರೆ ಡ್ರೈವರ್ ಸರದಿ. ವಿಂಡೋಸ್ ಫೋಲ್ಡರಿನ ಒಳಗಿನ ಮಿನಿಡಂಪ್ ಫೈಲನ್ನು ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಉಚಿತವಾಗಿ ಸಿಗುವ, ಡಂಪ್ ಓದುವ ವಿನ್‌ಡಿಬಿಜಿಯಲ್ಲಿ (WinDbg) ತೆರೆದು, ‘ಅನಲೈಸ್’ ಎಂಬ ಲಿಂಕ್ ಒತ್ತಿ. ಕೊನೆಗೆ ಒಂದು ಮಾಡ್ಯೂಲಿನ (ಡ್ರೈವರ್ ಅಥವಾ ವಿಂಡೋಸ್‌ನ ಫೈಲಿನ) ಹೆಸರು ಬರುತ್ತದೆ. ವಿಂಡೋಸ್‌ನದೇ ಕರ್ನಲ್ ಫೈಲಿನ ಹೆಸರು ಬಂದರೆ ಅದೇ ಕಳ್ಳ ಅಂದುಕೊಳ್ಳಬೇಡಿ, ಬೇರೆಯವರು ಕೆಡಿಸಿದ್ದನ್ನು ಮುಟ್ಟಿ ಬಿದ್ದಿರಬಹುದು. ಗ್ರಾಫಿಕ್ಸ್, ವೈಫೈ, ಆಂಟಿವೈರಸ್ ಹೆಸರು ಮೂರ್ನಾಲ್ಕು ಡಂಪ್‌ಗಳಲ್ಲಿ ಮರುಕಳಿಸಿದರೆ ಡಿವೈಸ್ ಮ್ಯಾನೇಜರಿನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಮಾಡಿ, ಇಲ್ಲವೇ ತಯಾರಕರ ಸೈಟಿನಿಂದ ಹೊಸದು ಹಾಕಿ. ಡೆಸ್ಕ್‌ಟಾಪ್ ತನಕ ಹೋಗದೆ ಬಿದ್ದರೆ ಲಾಗಿನ್ ಪರದೆಯಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ ಸೇಫ್ ಮೋಡಿಗೆ ಹೋಗಿ. ಲಾಗಿನ್ ಪರದೆಯೂ ಬಾರದಿದ್ದರೆ ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವಿನಿಂದ ರಿಪೇರ್ ಆಯ್ಕೆ ಹಿಡಿಯಿರಿ. ಲಿನಕ್ಸಾದರೆ ಶುರುವಿನಲ್ಲಿ ಬರುವ ಗ್ರಬ್ ಮೆನುವಿನಿಂದ ಹಿಂದಿನ ಕರ್ನಲ್ ಆರಿಸಿ ನೋಡಿ.

122 ಬಂದವರು ಡಿಸ್ಕ್ ಪರೀಕ್ಷಿಸುವ ಚೆಕ್‌ಡಿಸ್ಕ್ ಓಡಿಸುವ ಮುಂಚೆ ಫೋಟೊ, ಕಾಗದಪತ್ರಗಳ ಬ್ಯಾಕಪ್ ತೆಗೆಯಲೇಬೇಕು. ಸಾಯುತ್ತಿರುವ ಡಿಸ್ಕನ್ನು ಅದು ಇನ್ನಷ್ಟು ದುಡಿಸುತ್ತದೆ. ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿಯೂ ನೋಡಿ.

ರ‍್ಯಾಮ್ ಬದಲಿಸಲು ಮುಂಬಯಿಯ ಲ್ಯಾಮಿಂಗ್ಟನ್ ರೋಡಿಗೋ ಪುಣೆಯ ತಪ್‌ಕೀರ್ ಗಲ್ಲಿಗೋ ಹೋಗುವಾಗ ಹಳೆಯ ಸ್ಟಿಕ್, ಬಿಲ್, ಮೆಮ್‌ಟೆಸ್ಟಿನ ಕೆಂಪು ಸಾಲುಗಳ ಫೋಟೊ ಮೂರೂ ಜೊತೆಗಿರಲಿ. ವಾರಂಟಿ ಉಳಿದಿದ್ದರೆ ಹೊಸದಕ್ಕೆ ದುಡ್ಡು ಕೊಡುವ ಅಗತ್ಯ ಬೀಳದಿರಬಹುದು.