ಕೊನೆಯಲ್ಲಿ ಬರುವವರ ಜೊತೆ ನಡೆಯುವವರು

ಎರಡು ವರ್ಷಗಳ ಹಿಂದೆ ಡೆಂಗ್ಯೂ ಜ್ವರದಿಂದ ನಾನು ಮೂರು ವಾರ ಹಾಸಿಗೆ ಹಿಡಿದಾಗ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಸೇರುತ್ತಿದ್ದ ನಮ್ಮ ಓಟ-ನಡಿಗೆಯ ಬಳಗವೂ ನನ್ನೊಡನೆ ಹಾಸಿಗೆ ಹಿಡಿಯಿತು. ಮೊದಲ ಭಾನುವಾರ ನಲವತ್ತು ಮಂದಿ ಬಂದು, ವಾರ್ಮ್‌ಅಪ್ ಮಾಡಿಸುವವರು ಯಾರೆಂದು ತಿಳಿಯದೆ ಸ್ವಲ್ಪ ಹೊತ್ತು ಕಾದು, ತಮ್ಮ ತಮ್ಮ ಪಾಡಿಗೆ ಒಂದು ಸುತ್ತು ಹಾಕಿ ಹೊರಟರಂತೆ. ಮರುವಾರ ಹದಿನೈದು ಮಂದಿ. ನಾನು ಚೇತರಿಸಿಕೊಂಡು ಕೆರೆಗೆ ಹೋದ ದಿನ ಅಲ್ಲಿದ್ದವರು ಆರು ಜನ.

ಐದು ವರ್ಷಗಳ ಹಿಂದೆ ಬಳಗ ಶುರುವಾದಾಗಲೂ ನಾವು ಆರೇ ಜನ ಇದ್ದೆವು. ಬಾಯಿಂದ ಬಾಯಿಗೆ ಸುದ್ದಿ ಹರಡಿ ವಾಟ್ಸ್ಆ್ಯಪ್ ಗುಂಪಿನಲ್ಲಿ ನೂರೆಂಬತ್ತು ಹೆಸರುಗಳು ಸೇರುವ ಹೊತ್ತಿಗೆ, ಸಮಯ ತಿಳಿಸುವುದು, ದಾರಿ ಗೊತ್ತುಪಡಿಸುವುದು, ಹೊಸಬರಿಗೆ ಬೂಟಿನ ಬಗ್ಗೆ ಹೇಳುವುದು, ಮಂಡಿನೋವಿನವರನ್ನು ವೈದ್ಯರ ಬಳಿ ಕಳುಹಿಸುವುದು, ಟೀ ಶರ್ಟಿನ ಹಣ ಎಣಿಸುವುದು ಎಲ್ಲವೂ ನನ್ನ ಹೆಗಲ ಮೇಲೆಯೇ ಇತ್ತು. ಇದನ್ನು ನಾನು ಸೇವೆಯೆಂದೇ ಪ್ರಾಮಾಣಿಕವಾಗಿ ನಂಬಿದ್ದೆ. ಆದರೆ ಮೂರು ವಾರ ನಾನಿಲ್ಲದೆ ನಡೆಯಲಾಗದ ಬಳಗವನ್ನು ಕಟ್ಟಿದ್ದೇನೆಂಬುದು ಆ ದಿನ ಕಣ್ಣಿಗೆ ಕಟ್ಟಿತು.

ಮುಂದಾಳುಗಳ ತಂಡವೊಂದು ಬೇಕೆಂದು ನಿರ್ಧರಿಸಿದೆನಾದರೂ, ಮೊದಲ ಆಯ್ಕೆಯಲ್ಲೇ ಎಡವಿದೆ. ಹತ್ತು ಕಿಲೋಮೀಟರನ್ನು ಐವತ್ತು ನಿಮಿಷದೊಳಗೆ ಓಡಬಲ್ಲ ಐವರನ್ನು ಕರೆದು ಐದು ಗುಂಪುಗಳನ್ನು ಒಪ್ಪಿಸಿದೆ. ಅವರು ಒಳ್ಳೆಯವರು, ಶಿಸ್ತಿನವರು. ಆದರೆ ತಮ್ಮ ವೇಗದಲ್ಲಿ ಓಡಿ ಮುಗಿಸಿ, ಬೆವರು ಒರೆಸಿಕೊಂಡು ಅವರು ಮನೆಗೆ ಹೊರಡುವ ವೇಳೆಗೆ, ಅದೇ ವಾರ ಸೇರಿದ ಐವತ್ತೈದರ ಗೃಹಿಣಿಯೊಬ್ಬರು ಇನ್ನೂ ಕೆರೆಯ ಆಚೆ ದಡದಲ್ಲಿ, ಹೆಜ್ಜಾರ್ಲೆಗಳು ಕೂರುವ ಮರಗಳ ಬಳಿ, ಒಬ್ಬರೇ ನಡೆದು ಬರುತ್ತಿದ್ದರು. ಅವರು ಮರುವಾರ ಬರಲಿಲ್ಲ. ಅಂಥವರು ಎಷ್ಟು ಮಂದಿ ಬಂದು ಹೋದರೆಂಬುದಕ್ಕೆ ನಮ್ಮಲ್ಲಿ ಲೆಕ್ಕವೂ ಇರಲಿಲ್ಲ.

ನನ್ನ ಅಜ್ಜ ಮೈಸೂರಿನ ಗರಡಿಯೊಂದರಲ್ಲಿ ಸಾಮು ಮಾಡಿದವರು. ದಸರಾ ಕುಸ್ತಿಯಲ್ಲಿ ಗೆದ್ದು ಬಂದ ಪೈಲ್ವಾನನಿಗಿಂತ, ಹೊಸ ಹುಡುಗನಿಗೆ ದಂಡ, ಬಸ್ಕಿ ಹೇಳಿಕೊಟ್ಟು, ಮಟ್ಟಿಯ ಕೆಮ್ಮಣ್ಣನ್ನು ಹದಮಾಡುವುದನ್ನು ಕಲಿಸುವ ಹಳೆಯ ಶಿಷ್ಯನ ಮೇಲೆಯೇ ಉಸ್ತಾದರಿಗೆ ಹೆಚ್ಚು ಭರವಸೆ ಇರುತ್ತಿತ್ತೆಂದು ಅವರು ಹೇಳುತ್ತಿದ್ದುದು ನನಗೆ ತಡವಾಗಿ ನೆನಪಾಯಿತು. ಲಂಡನ್ನಿನ ಬುಷಿ ಪಾರ್ಕ್‌ನಲ್ಲಿ 2004ರ ಅಕ್ಟೋಬರ್ 2ರಂದು 13 ಓಟಗಾರರೊಡನೆ ಆರಂಭವಾಗಿ ಹಲವು ದೇಶಗಳಿಗೆ ಹರಡಿದ ಪಾರ್ಕ್‌ರನ್ ಎಂಬ ಶನಿವಾರದ ಐದು ಕಿಲೋಮೀಟರ್ ಓಟದಲ್ಲಿಯೂ, ಎಲ್ಲರಿಗಿಂತ ಹಿಂದೆ ನಡೆದು ಕೊನೆಯವರಾಗಿ ಗುರಿ ಮುಟ್ಟುವುದನ್ನೇ ಕೆಲಸವಾಗಿ ವಹಿಸಿಕೊಂಡ ಸ್ವಯಂಸೇವಕರಿರುತ್ತಾರೆ. ಗರಡಿಯ ಮಾತು ಮತ್ತು ಈ ಪದ್ಧತಿ ಎರಡೂ ನನಗೆ ಒಂದೇ ಕಡೆಗೆ ಕೈತೋರಿದವು.

ಆನಂತರ ಎರಡು ತಿಂಗಳು ನಾನು ಯಾರಿಗೂ ಏನನ್ನೂ ಒಪ್ಪಿಸದೆ ಸುಮ್ಮನೆ ಗಮನಿಸಿದೆ. ಸರದಿ ಗೊತ್ತುಮಾಡದಿದ್ದರೂ ಹಿಂದೆ ಉಳಿದವರ ಜೊತೆ ಹೆಜ್ಜೆ ಹಾಕುವವರು ಯಾರು, ಒಂದು ವಾರ ಕಾಣದವರ ಹೆಸರು ಹಿಡಿದು ವಿಚಾರಿಸುವವರು ಯಾರು, ಮಳೆ ಬಂದ ದಿನವೂ ಹೇಳಿದ ಹೊತ್ತಿಗೆ ಬಂದು ನಿಲ್ಲುವವರು ಯಾರು ಎಂಬುದನ್ನು ಪುಟ್ಟ ಪುಸ್ತಕವೊಂದರಲ್ಲಿ ಬರೆದಿಟ್ಟೆ. ಕೊನೆಗೆ ಏಳು ಹೆಸರು ಉಳಿದವು. ನಿವೃತ್ತ ನರ್ಸ್ ಒಬ್ಬರು, ಪ್ರೌಢಶಾಲೆಯ ಶಿಕ್ಷಕಿಯೊಬ್ಬರು, ಬ್ಯಾಂಕ್ ನೌಕರರೊಬ್ಬರು, ಹೂವಿನ ವ್ಯಾಪಾರದವರೊಬ್ಬರು, ಮಂಡ್ಯದಿಂದ ದಿನವೂ ರೈಲಿನಲ್ಲಿ ಓಡಾಡುವ ಇಬ್ಬರು ಯುವಕರು, ಮಾನಸಗಂಗೋತ್ರಿಯ ವಿದ್ಯಾರ್ಥಿನಿಯೊಬ್ಬಳು. ವೇಗದ ಐವರಲ್ಲಿ ಒಬ್ಬರೂ ಈ ಪಟ್ಟಿಯಲ್ಲಿ ಇರಲಿಲ್ಲ. ಅವರೊಂದಿಗೆ ಒಬ್ಬೊಬ್ಬರಾಗಿ ಕುಳಿತು ಮಾತನಾಡಿ, ವೇಗದ ತರಬೇತಿಯನ್ನು ಮಾತ್ರ ಅವರಿಗೆ ಬಿಟ್ಟುಕೊಟ್ಟೆ. ಇಬ್ಬರು ಬೇಸರಪಟ್ಟರು, ಒಬ್ಬರು ಬಳಗವನ್ನೇ ಬಿಟ್ಟರು. ಆ ನೋವು ನನಗೆ ಇಂದಿಗೂ ಇದೆ.

ಹೊಣೆ ಹಂಚುವಾಗ ನಾನು ಕಲಿತದ್ದರಲ್ಲಿ ಅತ್ಯಂತ ಮುಖ್ಯವಾದದ್ದೆಂದರೆ, ಕೆಲಸವನ್ನು ಕೊಟ್ಟು ತೀರ್ಮಾನವನ್ನು ನಮ್ಮಲ್ಲೇ ಇಟ್ಟುಕೊಂಡರೆ ಅಲ್ಲಿ ಮುಂದಾಳು ಹುಟ್ಟುವುದಿಲ್ಲ. ಶಿಕ್ಷಕಿಗೆ ಮಹಿಳೆಯರ ಗುಂಪನ್ನು ಒಪ್ಪಿಸಿದ ಮೊದಲ ವಾರವೇ ಅವರು, ಬೆಳಿಗ್ಗೆ ಐದೂವರೆಯ ಕತ್ತಲಲ್ಲಿ ಒಂಟಿಯಾಗಿ ಕೆರೆಯವರೆಗೆ ಬರುವುದು ಹೆಂಗಸರಿಗೆ ಆಗದ ಮಾತೆಂದು ಹೇಳಿ, ಸಮಯವನ್ನು ಆರೂಕಾಲಿಗೆ ಬದಲಿಸಿದರು. ನಾಲ್ಕು ವರ್ಷಗಳಲ್ಲಿ ಇದು ನನಗೆ ಹೊಳೆದಿರಲಿಲ್ಲ. ನನ್ನನ್ನು ಕೇಳಿ ಬದಲಿಸಬೇಕಾಗಿದ್ದರೆ ನಾನು ಬಹುಶಃ ಒಪ್ಪುತ್ತಲೂ ಇರಲಿಲ್ಲ. ಹಣದ ಲೆಕ್ಕ ಬ್ಯಾಂಕ್ ನೌಕರರದು. ಖರ್ಚಿಗೆ ಇಬ್ಬರ ಒಪ್ಪಿಗೆ ಬೇಕು, ಆ ಇಬ್ಬರಲ್ಲಿ ನಾನಿಲ್ಲ. ಹೂವಿನ ವ್ಯಾಪಾರದವರು ಹಾಜರಿ ನೋಡಿಕೊಂಡು, ಸತತ ಎರಡು ವಾರ ಬಾರದವರಿಗೆ ತಾವೇ ಫೋನ್ ಮಾಡುತ್ತಾರೆ. ವಿದ್ಯಾರ್ಥಿನಿ ಹೊಸಬರನ್ನು ಕಂಡು, ಹೃದಯ, ರಕ್ತದೊತ್ತಡ, ಸಕ್ಕರೆ, ಹಳೆಯ ಪೆಟ್ಟುಗಳ ಬಗ್ಗೆ ಕೇಳಿ ಬರೆದುಕೊಳ್ಳುತ್ತಾಳೆ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ಅವಳು ವಿವರಿಸುವ ರೀತಿ ನನಗೆ ಬಹಳ ಇಷ್ಟ: ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು.

ಪ್ರತಿಯೊಬ್ಬ ಮುಂದಾಳುವಿಗೂ ಒಬ್ಬ ಜೊತೆಯಾಳು ಇರಬೇಕೆಂಬ ನಿಯಮವನ್ನು ಅನುಭವವೇ ಮಾಡಿಸಿತು. ಮಾರ್ಚ್ ಬಂತೆಂದರೆ ಶಿಕ್ಷಕಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ, ಬ್ಯಾಂಕಿನವರಿಗೆ ವರ್ಷಾಂತ್ಯದ ಲೆಕ್ಕ. ದಸರೆಯಲ್ಲಿ ಹೂವಿನ ವ್ಯಾಪಾರದವರಿಗೆ ನಿದ್ರೆಗೂ ಬಿಡುವಿಲ್ಲ.

ಸುರಕ್ಷತೆಯ ಹೊಣೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ತಿಂಗಳಿಗೊಮ್ಮೆ ನಾವು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತೇವೆ. ಒಮ್ಮೆ ನಂದಿಗಿಂತ ಕೆಳಗೆ ಸದಸ್ಯರೊಬ್ಬರಿಗೆ ಎದೆ ಬಿಗಿದು ಕುಸಿದು ಕುಳಿತರು. ಹೃದಯಾಘಾತವಲ್ಲವೆಂದು ಆಸ್ಪತ್ರೆಯಲ್ಲಿ ತಿಳಿಯಿತಾದರೂ, ಆ ಇಪ್ಪತ್ತು ನಿಮಿಷ ನಾವು ಮೂವತ್ತು ಜನ ದಿಕ್ಕುತೋಚದೆ ನಿಂತಿದ್ದುದು ನಿಜ. ಮೆಟ್ಟಿಲ ದಾರಿಯ ಬಹುಭಾಗಕ್ಕೆ ವಾಹನ ಬರಲಾರದೆಂಬುದನ್ನು ಯಾರೂ ಮೊದಲೇ ಯೋಚಿಸಿರಲಿಲ್ಲ. ನರ್ಸ್ ಸುರಕ್ಷತೆ ವಹಿಸಿಕೊಂಡ ಮೇಲೆ ಮೊದಲು ಮಾಡಿದ್ದು, ಆಂಬ್ಯುಲೆನ್ಸಿಗೆ 108ಕ್ಕೆ ಕರೆ ಮಾಡುವವರು ಯಾರು, ರೋಗಿಯನ್ನು ಪಾದದ ಕಡೆಗೆ ಇಳಿಸಬೇಕೋ ನಂದಿಯ ಬಳಿಯ ರಸ್ತೆಗೆ ಏರಿಸಬೇಕೋ ಎಂಬುದನ್ನು ಪ್ರತಿ ಏರಿಕೆಗೂ ಮೊದಲು ಗೊತ್ತುಮಾಡುವುದು. ನಂತರ ಏಳೂ ಮಂದಿಗೆ, ಹೃದಯ ನಿಂತಾಗ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ ಒತ್ತುವ ಸಿಪಿಆರ್ ಅಭ್ಯಾಸ ಮಾಡಿಸಿದರು. ಜೊತೆಗೆ ಒಂದು ಷರತ್ತು ಹಾಕಿದರು: ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ತಮಗೆ ಇರಬೇಕು, ಅದನ್ನು ನಾನೂ ಮೀರಬಾರದು.

ಆ ಷರತ್ತಿನ ಪರೀಕ್ಷೆ ಜುಲೈ ತಿಂಗಳಲ್ಲಿ ಬಂತು. ಬೆಟ್ಟ ಹತ್ತಲು ಅರವತ್ತು ಮಂದಿ ಹೆಸರು ಕೊಟ್ಟಿದ್ದರು, ನಾನು ಎರಡು ವಾರದಿಂದ ಸಿದ್ಧತೆ ಮಾಡಿದ್ದೆ. ರಾತ್ರಿಯೆಲ್ಲ ಜಡಿಮಳೆ ಹೊಯ್ದು ಬೆಳಿಗ್ಗೆ ಬಿಟ್ಟಿತ್ತು. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಆ ಕಲ್ಲಿನ ಮೆಟ್ಟಿಲುಗಳು ಸವೆದು ನುಣುಪಾಗಿವೆ, ಒದ್ದೆಯಾದರೆ ಇಳಿಯುವಾಗ ಕಾಲು ನಿಲ್ಲುವುದಿಲ್ಲ ಎಂದು ನರ್ಸ್ ಐದು ಗಂಟೆಗೆ ಸಂದೇಶ ಹಾಕಿ ಏರಿಕೆಯನ್ನು ರದ್ದು ಮಾಡಿದರು. ನನಗೆ ಸಿಟ್ಟು ಬಂತು, ಫೋನ್ ಕೈಗೆತ್ತಿಕೊಂಡೆ. ಒಂದು ಮಾತು ಹೇಳಿ ಬದಲಿಸುವುದು ನನಗೆ ಸುಲಭವಿತ್ತು. ಬದಲಿಸಿದ್ದರೆ ಅಂದಿನಿಂದ ಅವರು ಪ್ರತಿ ತೀರ್ಮಾನಕ್ಕೂ ನನ್ನ ಮುಖ ನೋಡುತ್ತಿದ್ದರು. ‘ಸರಿ, ಕೆರೆಯ ಬಳಿ ಸೇರೋಣ’ ಎಂದಷ್ಟೇ ಬರೆದೆ.

ಕಳೆದ ವರ್ಷ ಮಂಡ್ಯದ ಆ ಇಬ್ಬರು ಯುವಕರು ತಮ್ಮ ಊರಿನ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಪ್ರತ್ಯೇಕ ಗುಂಪು ಆರಂಭಿಸಿದರು. ನನ್ನ ಅನುಮತಿ ಕೇಳಲಿಲ್ಲ, ಆರಂಭಿಸಿದ ಮೇಲೆ ತಿಳಿಸಿದರು. ಅವರು ಸೇರುವುದು ಸಂಜೆ. ಸುತ್ತಲಿನ ಹಳ್ಳಿಗಳಿಂದ ಬರುವವರಿಗೆ ಬೆಳಗಿನ ಹೊತ್ತೆಲ್ಲ ಹಾಲು ಕರೆದು ಡೇರಿಗೆ ಹಾಕುವುದರಲ್ಲೇ ಕಳೆಯುತ್ತದೆ. ಒಂದು ಸಂಜೆ ನಾನು ಹೇಳದೆ ಅಲ್ಲಿಗೆ ಹೋದೆ. ನನ್ನನ್ನು ಗುರುತಿಸದ ಯುವತಿಯೊಬ್ಬಳು ಪುಸ್ತಕ ಹಿಡಿದು ಬಂದು, ಬಿಪಿ ಇದೆಯೇ, ಮಂಡಿನೋವು ಇದೆಯೇ ಎಂದು ಕೇಳಿ ಬರೆದುಕೊಂಡು, ‘ಇವತ್ತು ನೀವು ಹಿಂದಿನವರ ಜೊತೆ ನಡೀರಿ, ನಾನೂ ಅಲ್ಲೇ ಇರ್ತೀನಿ’ ಎಂದಳು.