ಇನ್‌ಫ್ಲೇಶನ್ ಕಾಲದಲ್ಲಿ ಗೊತ್ತಿರುವ ಕಣಗಳ ಗುರುತು: ಲೆಕ್ಕ ಹಾಕುವ ಬಗೆ

ಇನ್‌ಫ್ಲೇಶನ್ ಎಂದರೆ ಆದಿ ವಿಶ್ವ ಅತಿ ವೇಗವಾಗಿ ಹಿಗ್ಗಿದ ಕಾಲ. ಆ ಕಾಲದ ಏರಿಳಿತಗಳಲ್ಲಿ ಹೊಸ ಕಣದ ಗುರುತು ಹುಡುಕುವವರು ಮೊದಲು ಗೊತ್ತಿರುವ ಕಣಗಳ ಪಾಲನ್ನು ಲೆಕ್ಕ ಹಾಕಿ ಕಳೆಯಬೇಕು.

ಅಳತೆಗೋಲು ಹಬಲ್ ದರ, ಅಂದರೆ ಆಗ ವಿಶ್ವ ಹಿಗ್ಗುತ್ತಿದ್ದ ದರ. ಅದನ್ನು 'ಎಚ್' ಎನ್ನೋಣ. ಬೈಸೆಪ್–ಕೆಕ್ ದೂರದರ್ಶಕಗಳ 2021ರ ಮಿತಿಯಂತೆ ಟೆನ್ಸರ್ ಅನುಪಾತ (ಸಾಂದ್ರತೆಯ ಏರಿಳಿತಕ್ಕೆ ಹೋಲಿಸಿದರೆ ಗುರುತ್ವ ಅಲೆಗಳ ಪಾಲು) 0.036ಕ್ಕಿಂತ ಕಡಿಮೆ. ಅಂದರೆ ಎಚ್ ಹೆಚ್ಚೆಂದರೆ 4.7×10¹³ ಜಿಇವಿ (ಶಕ್ತಿಯ ಮಾನ; ಸಾವಿರ ಜಿಇವಿ ಒಂದು ಟಿಇವಿ), ಎಲ್‌ಎಚ್‌ಸಿ ಕಣವೇಗವರ್ಧಕದ 13.6 ಟಿಇವಿ ಡಿಕ್ಕಿಯ ಸುಮಾರು 350 ಕೋಟಿ ಪಟ್ಟು.

ಮುಂದಿನದು ದ್ರವ್ಯರಾಶಿ. ಎಡವುವುದು ಹೆಚ್ಚಾಗಿ ಇಲ್ಲೇ: ಹಿಗ್ಸ್‌ಗೆ 125 ಜಿಇವಿ, ಡಬ್ಲ್ಯೂಗೆ 80 ಎಂದು ಪ್ರಯೋಗಾಲಯದ ಅಂಕಿ ತುಂಬಿದರೆ ಲೆಕ್ಕವೇ ಕೆಟ್ಟಿತು. ಆಗ ಹಿಗ್ಸ್ ಕ್ಷೇತ್ರ ಕ್ವಾಂಟಮ್ ಏರಿಳಿತದಿಂದ ಅಲುಗಾಡುತ್ತಿರುತ್ತದೆ. ಅದರ ವಿಭವ λh⁴/4 ಇದ್ದು (ಇಲ್ಲಿ h ಹಿಗ್ಸ್ ಕ್ಷೇತ್ರದ ಮೌಲ್ಯ, ಹಬಲ್ ದರ 'ಎಚ್' ಅಲ್ಲ; λ ಆ ಕ್ಷೇತ್ರ ತನ್ನೊಂದಿಗೇ ಜೋಡಿಕೊಳ್ಳುವ ಬಲ), ಒಂದೇ ಘಟಕವನ್ನು ಪರಿಗಣಿಸಿದರೆ h² ಸರಾಸರಿ 0.13 ಎಚ್²/√λ. λ = 0.01 ಇಟ್ಟರೆ ಹಿಗ್ಸ್‌ನ ಪರಿಣಾಮಕ ದ್ರವ್ಯರಾಶಿ ಸುಮಾರು 0.2 ಎಚ್, ಡಬ್ಲ್ಯೂ ಬೋಸಾನ್‌ನದು ಸುಮಾರು 0.3 ಎಚ್. ಫೋಟಾನ್, ಗ್ಲುವಾನ್‌ಗಳನ್ನು ಬಿಡಬಹುದು. ದ್ರವ್ಯರಾಶಿಯಿಲ್ಲದ ಈ ಗೇಜ್ ಕ್ಷೇತ್ರಗಳ ಸಮೀಕರಣಗಳು ಅಳತೆಯನ್ನು ಹಿಗ್ಗಿಸಿದರೂ ಬದಲಾಗುವುದಿಲ್ಲ (ಕಾನ್ಫಾರ್ಮಲ್ ಸಮಮಿತಿ), ಹಾಗಾಗಿ ವಿಶ್ವದ ಹಿಗ್ಗುವಿಕೆ ಅವುಗಳ ಅಲೆಯುದ್ದವನ್ನು ಹಿಗ್ಗಿಸಿದರೂ ಮೊದಲ ಅಂದಾಜಿನಲ್ಲಿ ಹೊಸ ಕಣಗಳನ್ನು ಹುಟ್ಟಿಸುವುದಿಲ್ಲ. ಒಂದು ಎಚ್ಚರ: ಟಾಪ್ ಕ್ವಾರ್ಕ್‌ನ ಈಗಿನ ಅಳತೆ ಹಿಡಿದರೆ ಸುಮಾರು 10¹⁰–10¹¹ ಜಿಇವಿ ದಾಟಿದ ಮೇಲೆ λ ಋಣವಾಗುತ್ತದೆ. ಆಗ ಮೇಲಿನ ಸೂತ್ರ ನಿಲ್ಲದು. ಸ್ಥಳಕಾಲದ ವಕ್ರತೆಯೊಂದಿಗೆ ಹಿಗ್ಸ್‌ನ ಜೋಡಣೆಯಂಥ ಹೆಚ್ಚುವರಿ ಊಹೆಯನ್ನು ಬರೆದಿಟ್ಟೇ ಮುಂದುವರಿಯಿರಿ.

ಕಣದ ಗುರುತು ತೂಗಾಡುತ್ತದೆಯೇ ನೋಡಿ. ಸ್ಪಿನ್ 0 ಆದರೆ ದ್ರವ್ಯರಾಶಿ 1.5 ಎಚ್ ಮೀರಬೇಕು, ಸ್ಪಿನ್ 1 ಆದರೆ 0.5 ಎಚ್. ಮೇಲಿನ ಹಿಗ್ಸ್, ಡಬ್ಲ್ಯೂ ಎರಡೂ ಮೀರುವುದಿಲ್ಲ. ಹಿಗ್ಸ್ ಜೋಡಿಯ ಗುರುತು ಹೆಚ್ಚುಕಡಿಮೆ 'ಸ್ಥಳೀಯ' ಆಕಾರದ (ಒಂದು ಉದ್ದ ಅಲೆ ಎರಡು ಗಿಡ್ಡ ಅಲೆಗಳೊಂದಿಗೆ ಬೆಸೆದಾಗ ಬಲವಾಗುವ) ಬೈಸ್ಪೆಕ್ಟ್ರಮ್‌ನಂತೆಯೇ ಕಾಣುತ್ತದೆ; ಬೈಸ್ಪೆಕ್ಟ್ರಮ್ ಎಂದರೆ ಮೂರು ಅಲೆಗಳ ಏರಿಳಿತಗಳ ನಡುವಿನ ಸಂಬಂಧದ ಅಳತೆ. ಆ ಆಕಾರದ ಪ್ರಮಾಣಕ್ಕೆ (f_NL) ಪ್ಲಾಂಕ್ ಉಪಗ್ರಹದ 2018ರ ಅಳತೆ −0.9 ± 5.1.

ಭಾರದ ಸ್ಪಿನ್ 0 ಕಣವಾದರೆ μ = √(ಎಂ²/ಎಚ್² − 9/4) ತೆಗೆಯಿರಿ; ಎಂ ಅದರ ದ್ರವ್ಯರಾಶಿ. ಉದ್ದ ಅಲೆಗೂ ಗಿಡ್ಡ ಅಲೆಗಳಿಗೂ ಇರುವ ತರಂಗಸಂಖ್ಯೆಗಳ ಅನುಪಾತದ 3/2 ಘಾತದಂತೆ ಸಂಕೇತ ಇಳಿಯುತ್ತ, ಅದೇ ಅನುಪಾತದ ಲಾಗರಿದಮ್‌ನಲ್ಲಿ ತೂಗಾಡುತ್ತದೆ. ಕಣಗಳು ಜೋಡಿಯಾಗಿ ಬಂದರೆ ಘಾತ 3 ಅಥವಾ ಹೆಚ್ಚು. ಇನ್‌ಫ್ಲೇಶನ್ ನಡೆಸುವ ಕ್ಷೇತ್ರವಾದ ಇನ್‌ಫ್ಲಾಟಾನ್‌ನ ನಯವಾದ ಹಿನ್ನೆಲೆಯ ಘಾತ 2, ಆದ್ದರಿಂದ ಜೋಡಿಯ ಸಂಕೇತ ಅದರಡಿ ಮುಳುಗುತ್ತದೆ. ಗೊತ್ತಿರುವ ಕಣಗಳು ಬಹುಪಾಲು ಜೋಡಿಯಾಗಿಯೇ ಬರುವುದರಿಂದ ಇದು ಸಣ್ಣ ತೊಡಕಲ್ಲ.

ದತ್ತಾಂಶ ಸಾಲುತ್ತದೆಯೇ ಎಂಬುದನ್ನು ಕೊನೆಗೆ ಪರೀಕ್ಷಿಸಿ. ಎಂ = 2 ಎಚ್ ಆದರೆ μ = 1.32, ಸಂಕೇತವನ್ನು ಕುಗ್ಗಿಸುವ ಅಂಶ exp(−πμ) ಸುಮಾರು 0.016, 5 ಎಚ್ ಆದರೆ ಅದು 3×10⁻⁷ಕ್ಕೆ ಕುಸಿಯುತ್ತದೆ. 2 ಎಚ್‌ನಲ್ಲಿ ಒಂದು ಪೂರ್ಣ ತೂಗಾಟಕ್ಕೆ ತರಂಗಸಂಖ್ಯೆ 115 ಪಟ್ಟು ಬದಲಾಗಬೇಕು. ಪ್ಲಾಂಕ್‌ನ ಇಡೀ ವ್ಯಾಪ್ತಿ ಸಾವಿರ ಪಟ್ಟಿನ ಆಸುಪಾಸು, ಅಂದರೆ ಒಂದೂವರೆ ತೂಗಾಟ. ಅಷ್ಟರೊಳಗೆ ಸಂಕೇತವೂ ಸಾವಿರ ಪಟ್ಟಿಗಿಂತ ಹೆಚ್ಚು ಕ್ಷೀಣಿಸಿರುತ್ತದೆ.